ಪ್ಲೇಟ್‌ಲೆಟ್ ಸಂಖ್ಯೆಯೊಂದನ್ನೇ ನೋಡಿದರೆ ಸಾಲದು: ವೈರಸ್ ಸೋಂಕು ಮತ್ತು ಮಕ್ಕಳ ರಕ್ತ ಹೆಪ್ಪುಗಟ್ಟುವಿಕೆ

ತೀವ್ರ ವೈರಸ್ ಸೋಂಕಿನಿಂದ ಆಸ್ಪತ್ರೆ ಸೇರಿದ ಮಗುವಿನ ರಕ್ತಪರೀಕ್ಷೆಯ ವರದಿ ಬಂದಾಗ ಹೆತ್ತವರ ಕಣ್ಣು ಮೊದಲು ಹೋಗುವುದು ಪ್ಲೇಟ್‌ಲೆಟ್ ಸಂಖ್ಯೆಯ ಕಡೆಗೆ. ಅದು ಇಳಿದರೆ ರಕ್ತಸ್ರಾವವಾಗುತ್ತದೆ, ಏರಿದರೆ ಗಂಡಾಂತರ ಕಳೆಯಿತು ಎಂಬ ಲೆಕ್ಕ ಎಲ್ಲರ ಮನಸ್ಸಿನಲ್ಲೂ ಗಟ್ಟಿಯಾಗಿ ಕುಳಿತಿದೆ. ರಕ್ತರೋಗಗಳ ಪ್ರಯೋಗಾಲಯದಲ್ಲಿ ಇಂತಹ ಮಕ್ಕಳ ರಕ್ತವನ್ನು ಸೂಕ್ಷ್ಮದರ್ಶಕದಡಿ ನೋಡುವುದೇ ನನ್ನ ನಿತ್ಯದ ಕೆಲಸವಾದ್ದರಿಂದ, ಈ ಲೆಕ್ಕ ಎಷ್ಟೋ ಸಂದರ್ಭಗಳಲ್ಲಿ ಸಾಲದೆಂಬುದನ್ನು ವಿವರವಾಗಿ ಬರೆಯಬೇಕೆನಿಸಿದೆ. ಕೆಲವು ಮಕ್ಕಳಲ್ಲಿ ಒಂದು ಕಡೆ ರಕ್ತ ಒಸರುತ್ತಿರುವಾಗಲೇ ಇನ್ನೊಂದು ಕಡೆ, ಕಣ್ಣಿಗೆ ಕಾಣದಷ್ಟು ಸಣ್ಣ ರಕ್ತನಾಳಗಳೊಳಗೆ, ಅದೇ ರಕ್ತ ಹೆಪ್ಪುಗಟ್ಟುತ್ತಿರುತ್ತದೆ. ಎರಡಕ್ಕೂ ಮೂಲ ಒಂದೇ. ಇಂತಹ ಕಾಯಿಲೆಗಳು ಅಪರೂಪ, ನಿಜ. ಆದರೆ ಗುರುತಿಸುವುದು ತಡವಾದರೆ ಕೆಲವೇ ಗಂಟೆಗಳಲ್ಲಿ ಕೈಕಾಲುಗಳಿಗೆ, ಮೂತ್ರಪಿಂಡಕ್ಕೆ, ಒಮ್ಮೊಮ್ಮೆ ಪ್ರಾಣಕ್ಕೇ ಕುತ್ತು ಬರುತ್ತದೆ.

ಮೊದಲಿಗೆ, ಆರೋಗ್ಯವಂತ ಮಕ್ಕಳಲ್ಲಿ ರಕ್ತನಾಳದೊಳಗೆ ಹೆಪ್ಪು ಕಟ್ಟುವುದು ಬಹಳ ವಿರಳವೆಂಬುದನ್ನು ನೆನಪಿಡಬೇಕು. 1994ರಲ್ಲಿ ಪ್ರಕಟವಾದ ಕೆನಡಾದ ನೋಂದಣಿಯ ಪ್ರಕಾರ ವರ್ಷಕ್ಕೆ 10,000 ಮಕ್ಕಳಲ್ಲಿ 0.07ರಷ್ಟು, ಅಂದರೆ ಹತ್ತು ಲಕ್ಷಕ್ಕೆ ಸುಮಾರು ಏಳು ಮಕ್ಕಳಲ್ಲಿ ಮಾತ್ರ ಅಭಿಧಮನಿಗಳಲ್ಲಿ ಹೆಪ್ಪು ಕಂಡುಬಂದಿತ್ತು. ಆದರೆ ಆಸ್ಪತ್ರೆಗೆ ದಾಖಲಾದ ಮಕ್ಕಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಾಗ ಅದೇ ಪ್ರಮಾಣ 10,000 ದಾಖಲಾತಿಗಳಿಗೆ 5.3ಕ್ಕೆ ಏರಿತ್ತು. ಮಗುವಿನ ರಕ್ತದಲ್ಲಿ ಹೆಪ್ಪುಗಟ್ಟಿಸುವ ಥ್ರಾಂಬಿನ್ ಎಂಬ ಪ್ರೋಟೀನಿನ ಉತ್ಪತ್ತಿ ದೊಡ್ಡವರಿಗಿಂತ ಕಡಿಮೆ; ಥ್ರಾಂಬಿನ್ನನ್ನು ಹಿಡಿದಿಡುವ ಆಲ್ಫಾ-2 ಮ್ಯಾಕ್ರೋಗ್ಲಾಬ್ಯುಲಿನ್ ಹೆಚ್ಚು; ರಕ್ತನಾಳಗಳ ಒಳಪದರ ಇನ್ನೂ ಸಕ್ಕರೆಯಿಂದಾಗಲಿ ಕೊಬ್ಬಿನಿಂದಾಗಲಿ ಹೊಗೆಯಿಂದಾಗಲಿ ಹಾಳಾಗಿರುವುದಿಲ್ಲ. ಇಷ್ಟೆಲ್ಲ ರಕ್ಷಣೆಯಿದ್ದೂ ಒಂದು ಮಗುವಿನ ರಕ್ತ ಹೆಪ್ಪುಗಟ್ಟಿತೆಂದರೆ ಅದರ ಹಿಂದೆ ಬಲವಾದ ಕಾರಣವೊಂದು ಇರಲೇಬೇಕು. ಹಾಗಾಗಿ ಕಾರಣ ಹುಡುಕುವುದನ್ನು ನಂತರಕ್ಕೆ ತಳ್ಳಬಾರದು.

ತೀವ್ರ ಸೋಂಕು ಆ ಕಾರಣಗಳಲ್ಲೊಂದು. ರಕ್ತನಾಳದ ಒಳಪದರವಾದ ಎಂಡೋಥೀಲಿಯಂ ಆರೋಗ್ಯದ ದಿನಗಳಲ್ಲಿ ರಕ್ತವನ್ನು ದ್ರವವಾಗಿಯೇ ಇರಿಸುವ ಕೆಲಸದಲ್ಲಿ ತೊಡಗಿರುತ್ತದೆ. ಅದರ ಮೇಲ್ಮೈಯಲ್ಲಿರುವ ಥ್ರಾಂಬೋಮಾಡ್ಯುಲಿನ್ ಎಂಬ ಅಣು, ಹೆಪ್ಪುಗಟ್ಟಿಸಲು ಹೊರಟ ಥ್ರಾಂಬಿನ್ನನ್ನು ಹಿಡಿದು, ಅದರ ಕೈಯಿಂದಲೇ ಪ್ರೋಟೀನ್ ಸಿ ಎಂಬ ತಡೆಗಾರನನ್ನು ಎಚ್ಚರಿಸುತ್ತದೆ. ಪ್ರೋಟೀನ್ ಸಿ ತನ್ನ ಜೊತೆಗಾರ ಪ್ರೋಟೀನ್ ಎಸ್‌ನೊಡನೆ ಸೇರಿ ಹೆಪ್ಪುಗಟ್ಟುವ ಕ್ರಿಯೆಯನ್ನು ಅಲ್ಲಲ್ಲೇ ನಿಲ್ಲಿಸುತ್ತದೆ. ವೈರಸ್ ಈ ಒಳಪದರವನ್ನು ನೇರವಾಗಿ ಹೊಕ್ಕಾಗ, ಅಥವಾ ವೈರಸ್ಸಿನ ವಿರುದ್ಧ ಎದ್ದ ಉರಿಯೂತ ಅದನ್ನು ಕೆರಳಿಸಿದಾಗ, ಥ್ರಾಂಬೋಮಾಡ್ಯುಲಿನ್ ಉದುರಿಹೋಗುತ್ತದೆ, ಬಿಳಿ ರಕ್ತಕಣಗಳ ಮೇಲೆ ಹೆಪ್ಪುಗಟ್ಟುವಿಕೆಗೆ ಚಾಲನೆ ಕೊಡುವ ಟಿಶ್ಯೂ ಫ್ಯಾಕ್ಟರ್ ಕಾಣಿಸಿಕೊಳ್ಳುತ್ತದೆ, ಫಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಉದ್ದುದ್ದ ಎಳೆಗಳಾಗಿ ಹೊರಬಂದು ಪ್ಲೇಟ್‌ಲೆಟ್‌ಗಳನ್ನು ಹಿಡಿದು ನಿಲ್ಲಿಸುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ತಮ್ಮದೇ ಡಿಎನ್‌ಎಯನ್ನು ಬಲೆಯಂತೆ ಹೊರಚೆಲ್ಲುತ್ತವೆಂಬುದು 2004ರಲ್ಲಿ ತಿಳಿಯಿತು. ಆ ಬಲೆಯೂ ಹೆಪ್ಪಿಗೆ ಆಸರೆಯಾಗುತ್ತದೆ. ರೋಗಾಣುವನ್ನು ಒಂದೆಡೆ ಕಟ್ಟಿಹಾಕಲು ದೇಹ ಬಳಸುವ ಉಪಾಯವಿದು. ಒಂದು ಮಿತಿಯೊಳಗೆ ಇದ್ದಾಗ ಇದರಿಂದ ಉಪಕಾರವೇ ಆಗುತ್ತದೆ.

ಮಿತಿ ಮೀರಿದಾಗ ಆಗುವುದನ್ನು ವೈದ್ಯರು ಡಿಐಸಿ ಎನ್ನುತ್ತಾರೆ. ಇಡೀ ದೇಹದ ಸಣ್ಣ ನಾಳಗಳಲ್ಲಿ ಏಕಕಾಲಕ್ಕೆ ಹೆಪ್ಪು ಕಟ್ಟತೊಡಗಿ, ಆ ಕೆಲಸಕ್ಕೇ ಪ್ಲೇಟ್‌ಲೆಟ್, ಫೈಬ್ರಿನೋಜನ್ ಮತ್ತು ಇತರ ಹೆಪ್ಪುಕಾರಕಗಳು ಖರ್ಚಾಗಿಹೋಗುತ್ತವೆ. ಆಮೇಲೆ ಸೂಜಿ ಚುಚ್ಚಿದ ಜಾಗದಲ್ಲಿ, ವಸಡಿನಲ್ಲಿ, ಹೊಟ್ಟೆಯೊಳಗೆ ರಕ್ತ ಒಸರಿದಾಗ ಅದನ್ನು ತಡೆಯಲು ಏನೂ ಉಳಿದಿರುವುದಿಲ್ಲ. ಹೊರಗೆ ಕಾಣುವುದು ರಕ್ತಸ್ರಾವ. ಅದಕ್ಕೆ ಕಾರಣವಾದ ಹೆಪ್ಪು ಒಳಗಿದೆ. ಪ್ಲೇಟ್‌ಲೆಟ್ ಕೊಟ್ಟ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ, ಮೂಲ ಸೋಂಕು ಮತ್ತು ಆಘಾತದ ಸ್ಥಿತಿ (ಶಾಕ್, ಅಂದರೆ ಅಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿ) ಹತೋಟಿಗೆ ಬರಬೇಕು.

ಇಲ್ಲಿ ಪ್ರಯೋಗಾಲಯದ ಒಳಗಿನ ಒಂದು ಸೂಕ್ಷ್ಮವನ್ನು ಹೇಳಲೇಬೇಕು. ಫೈಬ್ರಿನೋಜನ್ ಡೆಸಿಲೀಟರಿಗೆ 200ರಿಂದ 400 ಮಿಲಿಗ್ರಾಂ ಇದ್ದರೆ ವರದಿಯಲ್ಲಿ ಸಾಮಾನ್ಯವೆಂದು ಮುದ್ರಿತವಾಗುತ್ತದೆ. ಆದರೆ ಯಾವುದೇ ಜೋರಾದ ಸೋಂಕಿನಲ್ಲಿ ಯಕೃತ್ತು ಫೈಬ್ರಿನೋಜನ್ನನ್ನು ಹೆಚ್ಚಾಗಿ ತಯಾರಿಸುವುದರಿಂದ ಆ ಮಗುವಿನಲ್ಲಿ ಅದು 500, 600 ಇರಬೇಕಾಗಿತ್ತು. ನಿನ್ನೆ 580 ಇದ್ದದ್ದು ಇಂದು 230ಕ್ಕೆ ಬಂದಿದ್ದರೆ, ಕಾಗದದ ಮೇಲೆ ಕೆಂಪು ಗುರುತು ಬೀಳದಿದ್ದರೂ, ಅದು ನನ್ನ ಪಾಲಿಗೆ ತಕ್ಷಣ ವಾರ್ಡಿಗೆ ಫೋನ್ ಮಾಡಬೇಕಾದ ಸುದ್ದಿ. ಪ್ಲೇಟ್‌ಲೆಟ್ ವಿಷಯವೂ ಹಾಗೆಯೇ: 4 ಲಕ್ಷದಿಂದ 1.6 ಲಕ್ಷಕ್ಕೆ ಕುಸಿದ ಮಗು, ಹಲವು ದಿನಗಳಿಂದ 90,000ದಲ್ಲಿ ನಿಂತಿರುವ ಮಗುವಿಗಿಂತ ಹೆಚ್ಚು ಅಪಾಯದಲ್ಲಿರಬಹುದು. ಹೆಪ್ಪು ಕರಗಿದಾಗ ಉಳಿಯುವ ತುಣುಕಾದ ಡಿ-ಡೈಮರ್ ಅಂತೂ ಜ್ವರ ಬಂದ ಬಹುತೇಕ ಮಕ್ಕಳಲ್ಲಿ ಏರಿಯೇ ಇರುತ್ತದೆ; ಅದೊಂದನ್ನೇ ಹಿಡಿದು ಹೆದರುವುದರಲ್ಲಿ ಅರ್ಥವಿಲ್ಲ. ಒಂದು ಸಂಖ್ಯೆಗಿಂತ ಅದು ಸಾಗುತ್ತಿರುವ ದಿಕ್ಕು ಮುಖ್ಯ, ಆ ದಿಕ್ಕಿನಲ್ಲಿ ಅದರ ಜೊತೆಗೆ ಯಾವ ಯಾವ ಸಂಖ್ಯೆಗಳು ಸಾಗುತ್ತಿವೆ ಎಂಬುದು ಅದಕ್ಕಿಂತ ಮುಖ್ಯ.

ಈ ಅಪರೂಪದ ಕಾಯಿಲೆಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಸೀತಾಳೆ ಸಿಡುಬಿನ ನಂತರ ಬರುವ ಪರ್ಪ್ಯೂರಾ ಫಲ್ಮಿನನ್ಸ್. ಸಿಡುಬಿನ ಗುಳ್ಳೆಗಳು ಒಣಗಿ ಹಕ್ಕಳೆಗಟ್ಟುತ್ತಿವೆ, ಜ್ವರ ಇಳಿದಿದೆ, ಮಗು ಮತ್ತೆ ಓಡಾಡತೊಡಗಿದೆ. ಕಾಯಿಲೆ ಶುರುವಾಗಿ ಏಳರಿಂದ ಹತ್ತು ದಿನಗಳಾಗಿವೆ. ಆಗ ತೊಡೆಯ ಮೇಲೋ ಪೃಷ್ಠದ ಮೇಲೋ ಕಾಲಿನ ಹಿಂಬದಿಯಲ್ಲೋ ಒಂದು ಕೆಂಪು ಮಚ್ಚೆ ಕಾಣಿಸಿಕೊಳ್ಳುತ್ತದೆ. ಮುಟ್ಟಿದರೆ ಮಗು ಚೀರುತ್ತದೆ. ಬಿದ್ದು ಪೆಟ್ಟಾದ ಕಲೆಯ ಅಂಚು ಮಸುಕಾಗಿದ್ದು ದಿನದಿಂದ ದಿನಕ್ಕೆ ಹಸಿರು, ಹಳದಿಯಾಗಿ ಮಾಸುತ್ತದೆ. ಇದರ ಅಂಚಾದರೋ ಗೆರೆ ಎಳೆದಂತೆ ಸ್ಪಷ್ಟವಾಗಿರುತ್ತದೆ. ಗಾಜಿನ ಲೋಟದ ಬದಿಯಿಂದ ಒತ್ತಿ ನೋಡಿದರೂ ಬಣ್ಣ ಅಳಿಯುವುದಿಲ್ಲ. ನಡುಭಾಗ ನೇರಳೆಗೆ, ನೇರಳೆಯಿಂದ ಕಪ್ಪಿಗೆ ತಿರುಗುತ್ತದೆ. ಸುತ್ತ ಪೆನ್ನಿನಿಂದ ಗುರುತು ಹಾಕಿಟ್ಟರೆ ಕೆಲವೇ ಗಂಟೆಗಳಲ್ಲಿ ಆ ಗುರುತನ್ನು ದಾಟಿ ಹರಡಿರುತ್ತದೆ. ಮೇಲೆ ನೀರ್ಗುಳ್ಳೆಗಳೇಳುವ ಹೊತ್ತಿಗೆ ಕೆಳಗಿನ ಚರ್ಮ ಸತ್ತಿರುತ್ತದೆ.

ನೋಡಿದವರಿಗೆ ಇದು ಚರ್ಮದ ಕೆಳಗಿನ ರಕ್ತಸ್ರಾವ. ವಾಸ್ತವವಾಗಿ ಚರ್ಮಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳೆಲ್ಲ ಹೆಪ್ಪಿನಿಂದ ಮುಚ್ಚಿಹೋಗಿರುತ್ತವೆ, ಅವುಗಳ ಗೋಡೆ ಬಿರಿದು ರಕ್ತ ಹೊರಬಂದಿರುತ್ತದೆ. ವೈರಸ್ಸಿನ ವಿರುದ್ಧ ಮಗುವಿನ ದೇಹ ತಯಾರಿಸಿದ ಪ್ರತಿಕಾಯಗಳಲ್ಲಿ ಕೆಲವು ದಾರಿತಪ್ಪಿ ಪ್ರೋಟೀನ್ ಎಸ್‌ಗೆ ಅಂಟಿಕೊಂಡು ಅದನ್ನು ರಕ್ತದಿಂದ ತೊಡೆದುಹಾಕಿರುವುದೇ ಇದಕ್ಕೆ ಕಾರಣ. ಇಂತಹ ಮಗುವಿನ ಪ್ರೋಟೀನ್ ಎಸ್ ಅಳೆದರೆ ಅದು ಬಹುತೇಕ ಶೂನ್ಯವಾಗಿರುತ್ತದೆ. ಪ್ರೋಟೀನ್ ಎಸ್ ಇಲ್ಲದ ಮೇಲೆ ಪ್ರೋಟೀನ್ ಸಿ ಇದ್ದೂ ಹೆಚ್ಚು ಪ್ರಯೋಜನವಿಲ್ಲ. ಹೆಪ್ಪುಗಟ್ಟುವುದಕ್ಕೆ ತಡೆಯೇ ಇರುವುದಿಲ್ಲ.

ಚಿಕಿತ್ಸೆಯ ವಿಷಯಕ್ಕೆ ಬಂದಾಗ ಹೆತ್ತವರು ಬೆಚ್ಚಿಬೀಳುವುದನ್ನು ನೋಡಿದ್ದೇನೆ, ಮತ್ತು ಅದು ಸಹಜವೇ. ಮೈಮೇಲೆಲ್ಲ ರಕ್ತದ ಕಲೆಗಳಿರುವ ಮಗುವಿಗೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಹೆಪಾರಿನ್ ಕೊಡುತ್ತೇವೆಂದರೆ ಯಾರಿಗಾದರೂ ಅನುಮಾನ ಬರುತ್ತದೆ. ಒಳಗೆ ನಡೆಯುತ್ತಿರುವುದು ಹೆಪ್ಪುಗಟ್ಟುವಿಕೆ ಎಂಬುದನ್ನು ಯಾರಾದರೂ ಕುಳಿತು ಅವರಿಗೆ ಬಿಡಿಸಿ ಹೇಳಿದಾಗಲೇ ಆ ನಿರ್ಧಾರ ಅರ್ಥವಾಗುವುದು. ಹೆಪಾರಿನ್ನಿನ ಜೊತೆಗೆ, ಕಳೆದುಹೋದ ಪ್ರೋಟೀನ್ ಎಸ್ ಮತ್ತು ಖರ್ಚಾದ ಹೆಪ್ಪುಕಾರಕಗಳನ್ನು ತುಂಬಿಕೊಡಲು ದಾನಿಗಳ ಪ್ಲಾಸ್ಮಾವನ್ನು ದಿನಕ್ಕೆ ಹಲವು ಬಾರಿ ಕೊಡಬೇಕಾಗುತ್ತದೆ. ಪ್ರತಿಕಾಯಗಳನ್ನು ಅಡಗಿಸಲು ಇಮ್ಯುನೋಗ್ಲಾಬ್ಯುಲಿನ್ನನ್ನೋ ಪ್ಲಾಸ್ಮಾ ಬದಲಾವಣೆಯನ್ನೋ ಬಳಸುವುದುಂಟು. ಪ್ರೋಟೀನ್ ಎಸ್ ವರದಿ ಬರಲು ಸಮಯ ಹಿಡಿಯುತ್ತದೆ. ಅದಕ್ಕಾಗಿ ಕಾಯುತ್ತ ಕುಳಿತರೆ ಚರ್ಮವಷ್ಟೇ ಅಲ್ಲ, ಬೆರಳುಗಳೂ ಉಳಿಯುವುದಿಲ್ಲ. ಮಾದರಿಯನ್ನು ಪ್ಲಾಸ್ಮಾ ಕೊಡುವ ಮೊದಲೇ ತೆಗೆದಿಟ್ಟು, ಚಿಕಿತ್ಸೆಯನ್ನು ಅನುಮಾನದ ಮೇಲೆಯೇ ಆರಂಭಿಸುವುದು ಸರಿಯಾದ ಕ್ರಮ. ಸೀತಾಳೆ ಸಿಡುಬಿಗೆ ಲಸಿಕೆಯಿದೆ; ಜಪಾನಿನ ಮಿಚಿಯಾಕಿ ತಕಹಾಶಿ ಅದನ್ನು 1974ರಲ್ಲೇ ಸಿದ್ಧಪಡಿಸಿದರು. ಆ ಸಿಡುಬು ಮಕ್ಕಳಿಗೆ ಬಂದುಹೋಗುವ ಸಣ್ಣ ಕಾಯಿಲೆಯೆಂಬ ಮಾತು ಕೇಳಿದಾಗಲೆಲ್ಲ ನನಗೆ ಈ ಕಪ್ಪು ಮಚ್ಚೆಗಳು ನೆನಪಾಗುತ್ತವೆ. ಅದೇ ವೈರಸ್ ಮಿದುಳಿನ ಅಪಧಮನಿಗಳನ್ನೂ ಕೆಡಿಸಬಲ್ಲದು. ಸಿಡುಬು ಬಂದ ಆರು ತಿಂಗಳೊಳಗೆ ಮಕ್ಕಳಲ್ಲಿ ಪಾರ್ಶ್ವವಾಯುವಿನ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಹೆಚ್ಚುವುದನ್ನು 2014ರ ಅಧ್ಯಯನವೊಂದು ತೋರಿಸಿದೆ.

ಎರಡನೆಯ ಕಾಯಿಲೆಯನ್ನು ಹಿಡಿಯಬೇಕಾದದ್ದು ಸೂಕ್ಷ್ಮದರ್ಶಕದಲ್ಲೇ. ಥ್ರಾಂಬೋಟಿಕ್ ಮೈಕ್ರೋಆಂಜಿಯೋಪತಿ, ಅಂದರೆ ಟಿಎಂಎ ಇರುವ ಮಗುವಿನ ರಕ್ತವನ್ನು ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಎಳೆದು, ಬಣ್ಣ ಹಾಕಿ, ಎಣ್ಣೆಯ ಹನಿಯಿಟ್ಟು ನೂರರ ಲೆನ್ಸಿನಲ್ಲಿ ನೋಡಿದಾಗ, ದುಂಡಗಿರಬೇಕಾದ ಕೆಂಪು ರಕ್ತಕಣಗಳ ನಡುವೆ ತ್ರಿಕೋನದಂತಹ ಚೂರುಗಳು, ಎರಡು ಕೊಂಬು ಮೂಡಿದ ಶಿರಸ್ತ್ರಾಣದಂತಹ ತುಂಡುಗಳು ಕಾಣುತ್ತವೆ. ಸಣ್ಣ ನಾಳಗಳಲ್ಲಿ ಅಡ್ಡಡ್ಡ ನಿಂತ ಹೆಪ್ಪಿನ ಎಳೆಗಳ ಮೂಲಕ ನುಗ್ಗಿ ಬರುವಾಗ ಕೆಂಪುಕಣಗಳು ಸೀಳಿಹೋಗಿ ಹೀಗಾಗುತ್ತವೆ. ಇಂತಹ ಚೂರುಗಳು ನೂರಕ್ಕೆ ಒಂದಕ್ಕಿಂತ ಹೆಚ್ಚು ಕಂಡರೆ ಅದನ್ನು ಗಂಭೀರವಾಗಿ ಪರಿಗಣಿಸಬೇಕು. ಇದರೊಂದಿಗೆ ಪ್ಲೇಟ್‌ಲೆಟ್ ಇಳಿದಿದೆ, ಜೀವಕೋಶಗಳು ಒಡೆದಾಗ ರಕ್ತಕ್ಕೆ ಸೇರುವ ಎಲ್‌ಡಿಎಚ್ ಏರಿದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ, ರಕ್ತದೊತ್ತಡ ಹೆಚ್ಚಿದೆ, ಆದರೆ ಪಿಟಿ, ಎಪಿಟಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಪರೀಕ್ಷೆಗಳು) ಮತ್ತು ಫೈಬ್ರಿನೋಜನ್ ಸರಿಯಾಗಿಯೇ ಇವೆ ಎಂದಾದರೆ ಇದು ಡಿಐಸಿ ಇರಲಾರದು. ಇಲ್ಲಿ ಹೆಪ್ಪುಕಾರಕಗಳು ಅಷ್ಟಾಗಿ ಖರ್ಚಾಗುವುದಿಲ್ಲ. ಒಳಪದರದ ಮೇಲೆ ದಾಳಿ ಮಾಡುವುದು ಹೆಚ್ಚಾಗಿ ಕಾಂಪ್ಲಿಮೆಂಟ್ ಎಂಬ ರೋಗನಿರೋಧಕ ಪ್ರೋಟೀನುಗಳ ಸರಣಿ. ಈ ಸರಣಿಯನ್ನು ಹದ್ದಿನಲ್ಲಿಡುವ ಜೀನುಗಳಲ್ಲಿ ದೋಷವಿರುವ ಮಗು ಅಲ್ಲಿಯವರೆಗೆ ಚೆನ್ನಾಗಿಯೇ ಇದ್ದು, ಇನ್‌ಫ್ಲುಯೆಂಜಾದಂತಹ ಒಂದು ಜ್ವರ ಬಂದೊಡನೆ ಮೂತ್ರಪಿಂಡ ಕಳೆದುಕೊಳ್ಳುವ ಹಂತಕ್ಕೆ ಹೋಗಬಹುದು. ಎಕುಲಿಜುಮ್ಯಾಬ್ ಎಂಬ ಔಷಧ ಈ ಸರಣಿಯನ್ನು ತಡೆಯುವುದರಿಂದ, ಇದನ್ನು ಡಿಐಸಿ ಎಂದು ತಿಳಿದು ಕಾಲ ಕಳೆಯದಿರುವುದು ಮುಖ್ಯ. 2020ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ಸಂಶೋಧಕರು, ಕೋವಿಡ್ ತಗುಲಿದ ಮಕ್ಕಳಲ್ಲಿ, ಲಕ್ಷಣಗಳು ಸೌಮ್ಯವಾಗಿದ್ದವರಲ್ಲೂ ಸಹ, ಕಾಂಪ್ಲಿಮೆಂಟ್ ಕೆರಳಿರುವುದಕ್ಕೂ ಟಿಎಂಎಯ ಲಕ್ಷಣಗಳಿಗೂ ಸಾಕ್ಷ್ಯ ಕಂಡರು. ಯಂತ್ರ ಕೊಡುವ ಎಣಿಕೆಯ ಜೊತೆಗೆ ಸ್ಲೈಡನ್ನೂ ಕಣ್ಣಾರೆ ನೋಡಬೇಕೆಂದು ನಾನು ಕಿರಿಯರಿಗೆ ಪದೇ ಪದೇ ಹೇಳುವುದು ಇದಕ್ಕಾಗಿಯೇ.

ಕೋವಿಡ್ ನಂತರ ಎರಡರಿಂದ ಆರು ವಾರಗಳಲ್ಲಿ ಕೆಲವು ಮಕ್ಕಳಿಗೆ ಬಂದ ಬಹುಅಂಗಗಳ ಉರಿಯೂತದ ಬಗ್ಗೆಯೂ ಎರಡು ಮಾತು. 2021ರಲ್ಲಿ ಅಮೆರಿಕದ ಏಳು ಆಸ್ಪತ್ರೆಗಳಿಂದ ಬಂದ ವರದಿಯಲ್ಲಿ, ಲಕ್ಷಣಗಳಿದ್ದ ಕೋವಿಡ್‌ನಿಂದ ದಾಖಲಾದ ಮಕ್ಕಳಲ್ಲಿ ಶೇ. 2.1ರಷ್ಟು ಮಂದಿಗೆ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರೆ, ಈ ಉರಿಯೂತಕ್ಕೊಳಗಾದವರಲ್ಲಿ ಅದು ಶೇ. 6.5ರಷ್ಟಿತ್ತು. ಹನ್ನೆರಡು ವರ್ಷ ದಾಟಿದವರು, ಕ್ಯಾನ್ಸರ್ ಇದ್ದವರು, ಕುತ್ತಿಗೆಯಲ್ಲೋ ತೊಡೆಯಲ್ಲೋ ದೊಡ್ಡ ಅಭಿಧಮನಿಗೆ ಕ್ಯಾಥೆಟರ್ (ತೆಳು ಕೊಳವೆ) ಹಾಕಿಸಿಕೊಂಡವರು ಹೆಚ್ಚು ಅಪಾಯದಲ್ಲಿದ್ದರು. ಯಾವ ಸೋಂಕೇ ಆಗಿರಲಿ, ಮಕ್ಕಳಲ್ಲಿ ಹೆಪ್ಪಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಈ ಕ್ಯಾಥೆಟರ್. ಅದು ಅನಿವಾರ್ಯವಾಗಿರುವಷ್ಟು ದಿನ ಇರಲಿ; ಅಗತ್ಯ ಮುಗಿದ ದಿನವೇ ಅದನ್ನು ತೆಗೆಯುವಂತೆ ಕೇಳುವ ಹಕ್ಕು ಹೆತ್ತವರಿಗಿದೆ.

ಇದಕ್ಕೆ ತದ್ವಿರುದ್ಧವಾಗಿ ಹೆದರಿಕೆ ಹುಟ್ಟಿಸಿ ಸುಮ್ಮನಾಗುವ ಸ್ಥಿತಿಯೂ ಇದೆ. ನೆಗಡಿ ಜ್ವರ ಬಂದು ಹೋದ ಮಗುವಿಗೆ ಟಾನ್ಸಿಲ್ ಶಸ್ತ್ರಚಿಕಿತ್ಸೆಗೆ ಮುನ್ನ ಎಪಿಟಿಟಿ ಮಾಡಿಸಿದಾಗ ಅದು ಉದ್ದವಾಗಿ ಬರುತ್ತದೆ. ಮಗುವಿನ ಪ್ಲಾಸ್ಮಾಕ್ಕೆ ಆರೋಗ್ಯವಂತರ ಪ್ಲಾಸ್ಮಾವನ್ನು ಸಮಪಾಲು ಬೆರೆಸಿ ಮತ್ತೆ ಅಳೆಯುತ್ತೇವೆ. ಹೆಪ್ಪುಕಾರಕದ ಕೊರತೆಯಿದ್ದರೆ ಅದು ಸರಿಹೋಗಬೇಕು. ಸರಿಹೋಗದಿದ್ದರೆ ಅಲ್ಲೊಂದು ಪ್ರತಿಕಾಯವಿದೆ, ಬಹುಪಾಲು ಅದು ಪರೀಕ್ಷೆಯ ಟ್ಯೂಬಿನಲ್ಲಿ ಹೆಪ್ಪುಗಟ್ಟುವುದನ್ನು ತಡಮಾಡುವ ಲೂಪಸ್ ಆಂಟಿಕೋಯಾಗ್ಯುಲೆಂಟ್. ವೈರಸ್ ಸೋಂಕಿನ ನಂತರ ಮಕ್ಕಳಲ್ಲಿ ಹುಟ್ಟುವ ಈ ಪ್ರತಿಕಾಯ ಸಾಮಾನ್ಯವಾಗಿ ಯಾವ ತೊಂದರೆಯನ್ನೂ ಕೊಡದೆ ಕೆಲವು ವಾರಗಳಲ್ಲಿ ಮಾಯವಾಗುತ್ತದೆ. ಆದರೆ ತೀರ ಅಪರೂಪವಾಗಿ, ವಿಶೇಷವಾಗಿ ಅಡೆನೋವೈರಸ್ ಸೋಂಕಿನ ನಂತರ, ಇದರ ಜೊತೆಯಲ್ಲೇ ಪ್ರೋಥ್ರಾಂಬಿನ್ (ಥ್ರಾಂಬಿನ್ನಿನ ಪೂರ್ವರೂಪ) ಎಂಬ ಹೆಪ್ಪುಕಾರಕದ ವಿರುದ್ಧವೂ ಪ್ರತಿಕಾಯ ಹುಟ್ಟಿ, ಆರೋಗ್ಯವಾಗಿದ್ದ ಮಗುವಿಗೆ ಮೂಗಿನಿಂದ, ವಸಡಿನಿಂದ ನಿಲ್ಲದ ರಕ್ತಸ್ರಾವವಾಗುತ್ತದೆ. ಪಿಟಿ ಕೂಡ ಉದ್ದವಾಗಿದ್ದರೆ ಪ್ರೋಥ್ರಾಂಬಿನ್ನನ್ನು ಪ್ರತ್ಯೇಕವಾಗಿ ಅಳೆಯಬೇಕು. ಲೂಪಸ್ ಎಂದು ಬರೆದು ಕೈತೊಳೆದುಕೊಳ್ಳಬಾರದು.

ಜ್ವರ ವಾರಗಟ್ಟಲೆ ಬಿಡದೆ, ಗುಲ್ಮ ಊದಿಕೊಂಡು, ಎಲ್ಲ ಬಗೆಯ ರಕ್ತಕಣಗಳೂ ಇಳಿಯುತ್ತಿರುವ ಮಗುವಿನಲ್ಲಿ ಫೈಬ್ರಿನೋಜನ್ 150 ಮಿಲಿಗ್ರಾಮಿಗಿಂತ ಕೆಳಗೆ ಬಂದಿದ್ದರೆ ರೋಗನಿರೋಧಕ ವ್ಯವಸ್ಥೆಯೇ ಹತೋಟಿ ತಪ್ಪಿ ದೇಹದ ಮೇಲೆ ಎರಗುವ ಎಚ್‌ಎಲ್‌ಎಚ್ ಎಂಬ ಕಾಯಿಲೆಯನ್ನು ನೆನೆಯಬೇಕು. ಎಪ್‌ಸ್ಟೀನ್-ಬಾರ್ ವೈರಸ್ ಇದಕ್ಕೆ ಹೆಸರಾದ ಕಾರಣ. ಫೆರಿಟಿನ್ ಮತ್ತು ಟ್ರೈಗ್ಲಿಸರೈಡ್ ಪರೀಕ್ಷೆಗಳನ್ನು ಆಗಲೇ ಮಾಡಿಸಿದರೆ ದಾರಿ ಬೇಗ ತಿಳಿಯುತ್ತದೆ.

ಡೆಂಗಿಯನ್ನು ಅಪರೂಪದ ಕಾಯಿಲೆ ಎನ್ನಲಾಗದು, ಆದರೂ ಪ್ಲೇಟ್‌ಲೆಟ್ ಬಗೆಗಿನ ತಪ್ಪು ಲೆಕ್ಕ ಹೆಚ್ಚು ಹಾನಿ ಮಾಡುವುದು ಅಲ್ಲಿಯೇ. ಡೆಂಗಿಯಲ್ಲಿ ಗಂಡಾಂತರದ ಕಾಲ ಬರುವುದು ಜ್ವರ ಇಳಿಯುವಾಗ, ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ. ಆಗ ಮಗುವನ್ನು ಆಘಾತಕ್ಕೆ ತಳ್ಳುವುದು ರಕ್ತನಾಳಗಳಿಂದ ಪ್ಲಾಸ್ಮಾ ಸೋರಿಹೋಗುವುದು. ದೊಡ್ಡ ರಕ್ತಸ್ರಾವ ಬಹುಪಾಲು ಆ ಆಘಾತ ದೀರ್ಘವಾದಾಗ ಅದರ ಹಿಂದೆ ಬರುತ್ತದೆ. ರಕ್ತಸ್ರಾವವಿಲ್ಲದೆ ಪ್ಲೇಟ್‌ಲೆಟ್ 20,000ಕ್ಕೆ ಇಳಿದ ವಯಸ್ಕ ಡೆಂಗಿ ರೋಗಿಗಳಿಗೆ ಮುಂಜಾಗ್ರತೆಯಾಗಿ ಪ್ಲೇಟ್‌ಲೆಟ್ ಕೊಟ್ಟು ನೋಡಿದ ಸಿಂಗಪುರ ಮತ್ತು ಮಲೇಷ್ಯಾದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಅದರಿಂದ ರಕ್ತಸ್ರಾವ ಕಡಿಮೆಯಾಗಲಿಲ್ಲ, ಅಡ್ಡಪರಿಣಾಮಗಳು ಮಾತ್ರ ಹೆಚ್ಚಿದವು. ಹೊಟ್ಟೆನೋವು, ಬಿಡದ ವಾಂತಿ, ತಣ್ಣಗಾದ ಕೈಕಾಲು, ಕಡಿಮೆಯಾದ ಮೂತ್ರ, ಮಂಕು ಕವಿದಂತೆ ಮಲಗಿರುವುದು ಇವು ಪ್ಲೇಟ್‌ಲೆಟ್ ಸಂಖ್ಯೆಗಿಂತ ಮೊದಲು ಗಮನಿಸಬೇಕಾದ ಸಂಗತಿಗಳು.

ವರದಿಯ ಸಂಖ್ಯೆಗಳನ್ನು ನಂಬುವ ಮೊದಲು ರಕ್ತ ಹೇಗೆ ತೆಗೆದರೆಂಬುದನ್ನೂ ಕೇಳಬೇಕು. ಹೆಪ್ಪುಗಟ್ಟುವಿಕೆಯ ಪರೀಕ್ಷೆಗೆ ಬಳಸುವ ನೀಲಿ ಮುಚ್ಚಳದ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ಒಂದು ಪಾಲು ಇರಬೇಕು. ಮಗು ಅಳುತ್ತಿದೆ, ನಾಳ ಸಿಗುತ್ತಿಲ್ಲ, ಗುರುತಿನವರೆಗೆ ರಕ್ತ ತುಂಬಲಿಲ್ಲ ಎಂದರೆ ಸಿಟ್ರೇಟ್ ಹೆಚ್ಚಾಗಿ ಪಿಟಿ, ಎಪಿಟಿಟಿ ಸುಳ್ಳಾಗಿ ಉದ್ದವಾಗುತ್ತವೆ. ಹೆಪಾರಿನ್ ಹಾಕಿದ ಕ್ಯಾಥೆಟರಿನಿಂದ ಎಳೆದ ರಕ್ತದಲ್ಲೂ ಹಾಗೆಯೇ. ಟ್ಯೂಬಿನೊಳಗೇ ಸಣ್ಣ ಹೆಪ್ಪು ಕಟ್ಟಿದ್ದರೆ ಪ್ಲೇಟ್‌ಲೆಟ್ ಮತ್ತು ಫೈಬ್ರಿನೋಜನ್ ಎರಡೂ ಇಳಿದಂತೆ ತೋರುತ್ತವೆ; ನಾವು ಒಂದು ಕಡ್ಡಿಯನ್ನು ಅದ್ದಿ ತಿರುಗಿಸಿ ನೋಡಿ, ಹೆಪ್ಪು ಸಿಕ್ಕಿಕೊಂಡರೆ ಮಾದರಿಯನ್ನು ತಿರಸ್ಕರಿಸುತ್ತೇವೆ. ಮಗುವಿಗೆ ಮತ್ತೊಮ್ಮೆ ಸೂಜಿ ಚುಚ್ಚಬೇಕಾಗುತ್ತದೆಂಬ ಸಂಕಟ ನಮಗೂ ಇದೆ, ಆದರೆ ತಪ್ಪು ಸಂಖ್ಯೆಯ ಮೇಲೆ ಕೊಟ್ಟ ಚಿಕಿತ್ಸೆ ಆ ಸೂಜಿಗಿಂತ ಕೆಟ್ಟದ್ದು.

ಮನೆಯಲ್ಲಿ ಗಮನಿಸಬೇಕಾದವರಿಗೆ ನಾನು ಹೇಳುವುದು ಇಷ್ಟು. ವೈರಸ್ ಜ್ವರವಿರುವ ಮಗುವಿಗೆ ಆಸ್ಪಿರಿನ್ ಕೊಡಬಾರದು. ಡೆಂಗಿಯ ಅನುಮಾನವಿದ್ದರೆ ಐಬುಪ್ರೊಫೆನ್ ಕೂಡ ಬೇಡ. ದಿನಕ್ಕೊಮ್ಮೆ ಬಟ್ಟೆ ತೆಗೆದು ಬೆನ್ನು, ಪೃಷ್ಠ, ತೊಡೆಗಳನ್ನು ಬೆಳಕಿನಲ್ಲಿ ನೋಡಬೇಕು. ಒತ್ತಿದರೆ ಮಾಸದ, ನೋಯುವ, ಹರಡುತ್ತಿರುವ ಮಚ್ಚೆ, ಒಂದೇ ಕಾಲಿನ ಊತ, ಕಾಫಿ ಬಣ್ಣದ ಮೂತ್ರ, ಮುಖ ಒಂದು ಕಡೆ ವಾಲುವುದು ಅಥವಾ ಒಂದು ಕೈ ಸೋಲುವುದು ಕಂಡರೆ ಬೆಳಗಾಗುವುದನ್ನು ಕಾಯದೆ ಮಕ್ಕಳ ತುರ್ತು ಚಿಕಿತ್ಸೆಯಿರುವಲ್ಲಿಗೆ ಹೋಗಬೇಕು. ಮಚ್ಚೆಯ ಫೋಟೋ ತೆಗೆದು, ಸಮಯ ಬರೆದಿಟ್ಟುಕೊಂಡು ಹೋದರೆ ವೈದ್ಯರಿಗೆ ಅದು ಎಷ್ಟು ವೇಗದಲ್ಲಿ ಹರಡುತ್ತಿದೆಯೆಂದು ಕೂಡಲೇ ತಿಳಿಯುತ್ತದೆ.

ಮಗು ಗುಣವಾಗಿ ಮನೆಗೆ ಹೋದ ಮೇಲೆ ಒಂದು ಕೆಲಸ ಉಳಿದಿರುತ್ತದೆ, ಅದು ಹೆಚ್ಚಾಗಿ ಮರೆತುಹೋಗುತ್ತದೆ. ಕಾಯಿಲೆಯ ತೀವ್ರತೆಯಲ್ಲಿ ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆಂಟಿಥ್ರಾಂಬಿನ್ ಎಂಬ ಹೆಪ್ಪು ತಡೆಯುವ ಮೂರೂ ಪ್ರೋಟೀನುಗಳು ಖರ್ಚಾಗಿ ಇಳಿದಿರುತ್ತವೆ. ಆಗ ತೆಗೆದ ವರದಿಯನ್ನು ಹಿಡಿದು ಮಗುವಿಗೆ ಹುಟ್ಟಿನಿಂದಲೇ ಕೊರತೆಯಿದೆಯೆಂದು ತೀರ್ಮಾನಿಸುವಂತಿಲ್ಲ. ಕನಿಷ್ಠ ಮೂರು ತಿಂಗಳ ನಂತರ, ಹೆಪ್ಪು ತಡೆಯುವ ಔಷಧವಾದ ವಾರ್ಫರಿನ್ ಕೊಡುತ್ತಿದ್ದರೆ ಅದನ್ನು ನಿಲ್ಲಿಸಿ ಕೆಲವು ವಾರಗಳಾದ ಮೇಲೆ, ಈ ಪರೀಕ್ಷೆಗಳನ್ನು ಮತ್ತೆ ಮಾಡಿಸಬೇಕು. ಆಗಲೂ ಕಡಿಮೆ ಬಂದರೆ ತಂದೆತಾಯಿಯ ರಕ್ತವನ್ನೂ ಪರೀಕ್ಷಿಸಬೇಕು. ಮಕ್ಕಳಲ್ಲಿ ಪ್ರೋಟೀನ್ ಸಿ ಹದಿಹರೆಯದವರೆಗೂ ದೊಡ್ಡವರ ಮಟ್ಟಕ್ಕೆ ಬರುವುದಿಲ್ಲವಾದ್ದರಿಂದ, ವರದಿಯನ್ನು ಹೋಲಿಸಬೇಕಾದದ್ದು ಮಗುವಿನ ವಯಸ್ಸಿನ ಮಿತಿಗಳೊಂದಿಗೆ. ವಯಸ್ಕರ ಮಿತಿಯನ್ನಷ್ಟೇ ಮುದ್ರಿಸಿರುವ ವರದಿ ನಿಮ್ಮ ಕೈಗೆ ಬಂದರೆ, ವಯಸ್ಸಿಗೆ ತಕ್ಕ ಮಿತಿ ಎಷ್ಟೆಂದು ಪ್ರಯೋಗಾಲಯವನ್ನೇ ಕೇಳಿ ತಿಳಿದುಕೊಳ್ಳಿ.